ಅಳಿಯಂದಿರ ಗಾಡಿಯ ಕೆಂಪು ದೀಪ

ನಮ್ಮ ಊರಲ್ಲಿ ಯಂತ್ರ ಕೆಟ್ಟರೆ ಮೊದಲು ಅದನ್ನು ಬೈಯುತ್ತಾರೆ, ಆಮೇಲೆ ಒದೆಯುತ್ತಾರೆ, ಅದಕ್ಕೂ ಬಗ್ಗದಿದ್ದರೆ ನನ್ನನ್ನು ಕರೆಯುತ್ತಾರೆ. ಅವತ್ತು ನಾನು ಶಂಕ್ರಪ್ಪಗೌಡರ ವಾಡೆಗೆ ಹೋಗುವ ಹೊತ್ತಿಗೆ ಬೈಯುವುದೂ ಒದೆಯುವುದೂ ಮುಗಿದಿತ್ತು.

ಅಂಗಳದ ನಡುವೆ ಆ ಮೋಟರ್ ಸೈಕಲ್ಲು ನಿಂತಿತ್ತು. ಸಂಶಿ ಊರಿಗೆ ಊರೇ ಸುತ್ತ ಸೇರಿತ್ತು. ಜಾವಾ ನೋಡಿದವರು ನಾವು, ರಾಜದೂತ ನೋಡಿದವರು. ಇದು ಬೇರೆಯೇ ಜಾತಿ. ಎರಡು ಬದಿಗೆ ಎರಡು ಸಿಲಿಂಡರು ಎಮ್ಮೆಯ ಕೋಡಿನ ಹಾಗೆ ಹೊರಚಾಚಿದ್ದವು. ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎಡಕ್ಕೊಂದು ಬಲಕ್ಕೊಂದು ಪೆಟ್ಟಿಗೆ. ಯಾವನೋ ಜರ್ಮನಿಯವನು ಅದರ ಮೇಲೆ ದೇಶ ದೇಶ ಸುತ್ತಿ ಗೋವಾಕ್ಕೆ ಬಂದು, ಸಾಕಾಗಿ, ಮಾರಿಬಿಟ್ಟು ವಿಮಾನ ಹತ್ತಿದ್ದನಂತೆ. ಕೊಂಡವರು ಗೌಡರ ಅಳಿಯ ಶಂಭುಲಿಂಗಪ್ಪ. ಗೋವಾದಲ್ಲಿ ಗಣಿಯ ಲಾರಿಗಳ ಲೆಕ್ಕ ನೋಡುವ ನೌಕರಿ. ಹೆಂಡತಿ ಗೌರಕ್ಕ ತವರಿಗೆ ಬಂದಿದ್ದಳು; ಆಕೆಗೂ ಊರಿಗೂ ಗಾಡಿ ತೋರಿಸಲು ಬಂದಿದ್ದರು.

ಚಾವಿ ತಿರುಗಿಸಿದರೆ ಮೀಟರಿನ ಬಾಜು ಕಡಲೆಕಾಳಿನಷ್ಟು ಕೆಂಪು ದೀಪ ಹತ್ತುತ್ತಿತ್ತು. ಹತ್ತಿದ್ದು ಆರುತ್ತಿರಲಿಲ್ಲ.

"ಏನ್ ಮಹಾ ಐತಿಲೇ ಅದರಾಗ?" ಅಂದರು ಗೌಡರು, ತೂಗುಮಂಚದ ಮೇಲಿಂದಲೇ. "ಬಲ್ಬ್ ಕಿತ್ತಿ ಒಗಿ. ಆತು."

"ಬಲ್ಬ್ ಕಿತ್ರ ದೀಪ ಆರತೈತ್ರಿ ಗೌಡ್ರ. ರೋಗ ಹೋಗಂಗಿಲ್ಲ. ಅದು ಬ್ರೇಕಿನ ದೀಪ."

"ನೋಡ್ರೆಪಾ ಅಳ್ಯಾರ! ನಮ್ಮ ಬೀರ್ಯಾನ ಮಗ ಡಾಕ್ಟರ ಆಗ್ಯಾನ. ಎಂಟನೇತ್ತೆ ನಪಾಸ ಡಾಕ್ಟರ."

ಜನ ನಕ್ಕರು. ನಾನು ನಪಾಸಾಗಿರಲಿಲ್ಲ. ಪರೀಕ್ಷೆಗೇ ಕೂತಿರಲಿಲ್ಲ. ಆ ವರ್ಷ ಗೌಡರ ದನ ಕಾಯುವವನು ಓಡಿಹೋಗಿದ್ದ. ಗೌಡರ ಮನೆಯ ಚಕ್ಕಡಿ ಹೊಡೆಯುವ ನನ್ನ ಅಪ್ಪ ಬೀರಲಿಂಗಪ್ಪ ಶಾಲೆಗೆ ಬಂದು, ಮಾಸ್ತರರ ಮುಂದೆ ಕೈ ಮುಗಿದು, ನನ್ನನ್ನು ಎಬ್ಬಿಸಿಕೊಂಡು ಹೋಗಿದ್ದ. ಅದನ್ನು ಅಲ್ಲಿ ಯಾರಿಗೆ ಹೇಳುವುದು? ಹಲ್ಲು ಕಚ್ಚಿಕೊಂಡು ಕೂತು ಗಾಲಿ ನೋಡತೊಡಗಿದೆ.

ನಾನು ಹಲ್ಲು ಕಚ್ಚಿಕೊಳ್ಳಲು ಕಾರಣವಿತ್ತು. ಬಸ್ ಸ್ಟ್ಯಾಂಡಿನ ಬಾಜು ಗೌಡರದೊಂದು ತಗಡಿನ ಶೆಡ್ಡಿತ್ತು. ಖಾಲಿ ಬಿದ್ದಿತ್ತು. ನಿಜಾಮಸಾಬರ ಗ್ಯಾರೇಜಿನಲ್ಲಿ ಕೆಲಸ ಕಲಿತವನು ನಾನು. ಈಗ ಅವರ ಸ್ವಂತ ಮಕ್ಕಳೇ ಕೈಗೆ ಬಂದಿದ್ದರು, ಅಲ್ಲಿ ನನಗೆ ಜಾಗ ಉಳಿದಿರಲಿಲ್ಲ. ಆ ಶೆಡ್ಡು ಸಿಕ್ಕರೆ ನನ್ನದೇ ಗ್ಯಾರೇಜು. ಸಿಗದಿದ್ದರೆ ಅಪ್ಪನ ಹಿಂದೆ ಗೌಡರ ದನದ ಹಟ್ಟಿ. ನಡುವೆ ಮೂರನೆಯ ದಾರಿ ಇರಲಿಲ್ಲ. ಎಷ್ಟೋ ಸಲ ಕೇಳಿದ್ದೆ. ಪ್ರತಿ ಸಲ "ನೋಡೂಣು" ಅಂದಿದ್ದರು. ಅವತ್ತು ಅಳಿಯನ ಮುಂದೆ ದೊಡ್ಡ ಮನಸ್ಸು ಉಕ್ಕಿತು.

"ನಾಳೆ ಮುಂಜಾನೆ ಅಳ್ಯಾರು ಹೊಂಡತಾರ. ಅಷ್ಟರಾಗ ರಿಪೇರಿ ಮಾಡು. ಶೆಡ್ಡಿನ ಕೀಲಿ ನಿನ್ನ ಕೈಯಾಗ ಇಡ್ತೇನಿ. ಗಾಡಿಗೆ ಏನರ ಆತೋ, ಮತ್ತ ಶೆಡ್ಡಿನ ಹೆಸರು ಎತ್ತಬ್ಯಾಡ."

ಎಲ್ಲರೂ ಕೇಳಿದರು. ಅಪ್ಪನೂ ಕೇಳಿದ, ಮೇವಿನ ಸಿವುಡು ಹೊತ್ತು ಹಾಗೇ ನಿಂತಿದ್ದ.

ಬ್ರೇಕ್ ಆಯಿಲ್ಲಿನ ಡಬ್ಬಿ ಹ್ಯಾಂಡಲ್ ಮೇಲೆ ಇರಬೇಕು ಅಂತ ಹುಡುಕಿದೆ. ಇರಲಿಲ್ಲ. ಹಿಡಿಕೆಯಿಂದ ಒಂದು ತಂತಿ ಹೊರಟು ಪೆಟ್ರೋಲ್ ಟಾಕಿಯ ಕೆಳಗೆ ಹೋಗಿತ್ತು. ಟಾಕಿ ಬಿಚ್ಚಿದೆ. "ಅಯ್ಯೋ, ಹೊಟ್ಟೀನ ಬಗದ್ನಲ್ಲೋ" ಅಂತ ಯಾರೋ ಹಿಂದೆ ಅಂದರು. ಅದರ ಕೆಳಗೆ ಅಡಗಿಕೊಂಡಿತ್ತು ಡಬ್ಬಿ, ಮುಚ್ಚಳದಿಂದ ಎರಡು ವೈರು ಹೊರಬಂದಿದ್ದವು. ವೈರು ಕಿತ್ತೆ, ದೀಪ ಆರಿತು. ಎರಡನ್ನೂ ಕೂಡಿಸಿ ಹಿಡಿದೆ, ಹತ್ತಿತು. ಅಂದರೆ ವೈರಿನದು ತಪ್ಪಿಲ್ಲ, ದೀಪದ್ದೂ ಇಲ್ಲ. ಮುಚ್ಚಳ ತಿರುವಿ ತೆಗೆದೆ. ಒಳಗೆ ಒಂದು ತೇಲುಬೆಂಡು. ಆಯಿಲ್ ತುಂಬಿದ್ದರೆ ಅದು ಮೇಲೆ ತೇಲುತ್ತದೆ, ದೀಪ ಸುಮ್ಮನಿರುತ್ತದೆ. ಈಗ ಬತ್ತಿದ ಬಾವಿಯಲ್ಲಿ ಕೊಡ ಕೂತ ಹಾಗೆ ತಳಕ್ಕೆ ಕೂತಿತ್ತು.

"ದೀಪ ಖರೇನ ಹೇಳಾಕತ್ತೈತ್ರಿ. ಆಯಿಲ್ ಸೋರೈತಿ," ಅಂದೆ.

"ಎಲ್ಲಿ ಸೋರೈತಿ? ಒಂದು ಹನಿ ಬಿದ್ದಿದ್ದು ಕಂಡಿಲ್ಲ," ಅಂದರು ಶಂಭುಲಿಂಗಪ್ಪ. ಕೆಟ್ಟ ಮನುಷ್ಯ ಅಲ್ಲ. ಅವರು ಮಾತ್ರ ನನ್ನ ಬಾಜು ನೆಲಕ್ಕೆ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದರು.

ಹನಿ ಬೀಳುವುದಿಲ್ಲ. ನಮ್ಮ ಎರೆ ನೆಲದ ಧೂಳು ಕುಡಿದುಬಿಡುತ್ತದೆ. ಗಾಡಿಯ ಮೈಯ ಧೂಳನ್ನು ಊದಿದರೆ ಹಾರುತ್ತಿತ್ತು. ಮುಂದಿನ ಗಾಲಿಯ ಹತ್ತಿರ, ರಬ್ಬರಿನ ಕೊಳವೆ ಬಂದು ಕೂಡುವ ಕಡೆ ಮಾತ್ರ ಹಾರಲಿಲ್ಲ, ಕೆಸರಾಗಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದೆ. ಕೆಳಗೆ ತೇವ. ಆ ಬೋಲ್ಟಿಗೆ ಇರುವ ತಾಮ್ರದ ವಾಶರು ಗಟ್ಟಿಯಾಗಿ, ಕೂಡುವ ಜಾಗ ಸರಿಯಾಗಿ ಮುಚ್ಚುತ್ತಿರಲಿಲ್ಲ.

ವಾಶರು ತೆಗೆದುಕೊಂಡು ನಿಜಾಮಸಾಬರ ಹತ್ತಿರ ಓಡಿದೆ. ಊದುವ ಒಲೆಯ ಮೇಲೆ ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಹಾಗೆ ಮಾಡಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಅವರು ಬೀಡಿ ಸೇದುತ್ತ ನೋಡುತ್ತಿದ್ದರು.

"ಹೊಳೆಯಪ್ಪಾ, ಬಲ್ಬ್ ಕಿತ್ತು ಮನಿಗೆ ನಡಿ ಬೇಟಾ."

"ಚಾಚಾ, ನೀವೂ ಹಂಗ ಅಂದ್ರ?"

"ದೊಡ್ಡವರ ಗಾಡಿ. ಚಲೋ ಆದ್ರ, ಗಾಡಿನ ಚಲೋ ಇತ್ತು ಅಂತಾರ. ಕೆಟ್ರ, ಹೊಳ್ಯಾ ಕೆಡಿಸಿದ ಅಂತಾರ. ನನ್ನ ಗಡ್ಡ ಸುಮ್ಮನ ಬೆಳ್ಳಗ ಆಗೇತೇನು?"

ಆದರೂ ಬ್ರೇಕ್ ಆಯಿಲ್ಲಿನ ಡಬ್ಬಿ ಕೊಟ್ಟರು, ನಟ್ಟು ಬಿಚ್ಚುವ ಪಾನಾಗಳ ಚೀಲವನ್ನೂ ಕೊಟ್ಟರು.

ಸಂಜೆಯ ಹೊತ್ತಿಗೆ ಎಲ್ಲ ಜೋಡಿಸಿದೆ. ಆಯಿಲ್ ತುಂಬಿದೆ. ಶಂಭುಲಿಂಗಪ್ಪನವರೇ ಹಿಡಿಕೆ ಹಿಡಿದು ಬಿಟ್ಟು ಮಾಡಿದರು, ನಾನು ಕೆಳಗೆ ಗಾಳಿ ಹೊರಡಿಸಿದೆ. "ಹಿಡೀರಿ... ಬಿಡ್ರಿ... ಹಿಡೀರಿ." ಗಾಲಿಗೆ ಹೊಂದಿಕೊಂಡ ಉಕ್ಕಿನ ತಟ್ಟೆಯನ್ನೂ, ಅದನ್ನು ಎರಡು ಬದಿಯಿಂದ ಅಮುಕುವ ಪ್ಯಾಡುಗಳನ್ನೂ ಮರಳುಕಾಗದದಿಂದ ತಿಕ್ಕಿ ಒಣಗಿಸಿ ಇಟ್ಟೆ. ಆ ತಟ್ಟೆಗೆ ಒಂದು ಬೆರಳಿನ ಜಿಡ್ಡೂ ತಾಗಬಾರದು. ಅದು ನುಣ್ಣಗಾದರೆ ಬ್ರೇಕು ಹಿಡಿಯುವುದು ಯಾವುದನ್ನು?

ಚಾವಿ ತಿರುಗಿಸಿದೆವು. ದೀಪ ಹತ್ತಲಿಲ್ಲ.

ಶಂಭುಲಿಂಗಪ್ಪ ಹೋ ಅಂತ ಕೂಗಿ ನನ್ನ ಬೆನ್ನಿಗೆ ಗುದ್ದಿದರು. ಆ ಗುದ್ದು ಎಷ್ಟು ಹಿತವಾಗಿತ್ತೆಂದರೆ ನನಗೇ ನಾಚಿಕೆಯಾಯಿತು. ಗೌಡರು ತೂಗುಮಂಚದಿಂದ ಇಳಿದು ಬಂದು ದೀಪ ನೋಡಿದರು. "ಬಲ್ಬ್ ಕಿತ್ತಿಯೇನಲೇ?" ಅಂದರು. ವೈರು ಕೂಡಿಸಿ ಹತ್ತಿಸಿ ತೋರಿಸಿದೆ. ಮೀಸೆಯಲ್ಲೇ ನಕ್ಕು, "ಅಳ್ಯಾರು ಹೊಂಡಲಿ. ಕೀಲಿ ಇಸಗೊ," ಅಂದರು.

ಮರುದಿನ ಮುಂಜಾನೆ ಹೋದಾಗ ಗಾಡಿಗೆ ಗೌರಕ್ಕ ಕುಂಕುಮ ಹಚ್ಚಿದ್ದಳು. ಶಂಭುಲಿಂಗಪ್ಪ ಅಂಗಳದಲ್ಲೇ ಒಂದು ಸುತ್ತು ಹೊಡೆದು ಮುಂದಿನ ಬ್ರೇಕು ಹಿಡಿದರು. ಗಾಡಿ ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು. ನಿಲ್ಲುವಾಗ ಕಿರ್ರ್ ಅಂತ ಉದ್ದಕ್ಕೆ ಒಂದು ಸದ್ದು.

"ಇದೇನೋ ಹೊಸಾ ರಾಗ?"

"ಪ್ಯಾಡ್ ತಿಕ್ಕೇನ್ರಿ, ಅದಕ್ಕ. ಹುಬ್ಬಳ್ಳಿ ಮುಟ್ಟೂದ್ರಾಗ ಸುಮ್ಮನ ಆಗತೈತಿ. ಕಿರಗುಡತೈತಿ ಅಂದ್ರ ಹಿಡಿಯಾಕತ್ತೈತಿ ಅಂತ ತಿಳೀರಿ."

ಅವರಿಗೆ ಹೇಳಿದೆ. ಓಡಿಸುವವರು ಅವರು, ಇನ್ನು ಯಾರಿಗೆ ಹೇಳಬೇಕಿತ್ತು? ಅವರು ಊಟಕ್ಕೆ ಒಳಗೆ ಹೋದರು. ನಾನು ನಿಜಾಮಸಾಬರ ಪಾನಾ ಚೀಲ ತಿರುಗಿ ಕೊಡಲು ಹೊರಟೆ. ದಾರಿಯಲ್ಲಿ ಶೆಡ್ಡು. ತಗಡಿನ ಸಂದಿಗೆ ಕಣ್ಣಿಟ್ಟು ಒಳಗೆ ನೋಡಿದೆ. ಬೆಂಚು ಎಲ್ಲಿ, ಗಾಳಿ ಪಂಪು ಎಲ್ಲಿ ಅಂತ ಲೆಕ್ಕ ಹಾಕಿದೆ. ಹೊರಗೆ ಬೋರ್ಡು ಬರೆಸಬೇಕು ಅಂತಲೂ ಅಂದುಕೊಂಡೆ. ನನ್ನ ಅಕ್ಷರ ಕೆಟ್ಟದು, ಬೇರೆಯವರ ಕೈಯಲ್ಲೇ ಬರೆಸಬೇಕು. ಅಷ್ಟರಲ್ಲಿ ಆ ದೊಡ್ಡ ಗಾಡಿ ಕುಂದಗೋಳದ ದಾರಿ ಹಿಡಿದು ಹೋದದ್ದು ಕೇಳಿಸಿತು. ಎರಡು ಸಿಲಿಂಡರಿನ ಗುಡುಗು. ನನ್ನ ಕೈಯ ಕೆಲಸ ಹೊರಟಿತು ಅನ್ನಿಸಿ ಎದೆ ಉಬ್ಬಿತು.

ನಿಜಾಮಸಾಬರ ಹತ್ತಿರ ಚಹಾ ಕುಡಿದು ಮುಗಿಸಿರಲಿಲ್ಲ. ಸೈಕಲ್ಲಿನ ಮೇಲೆ ಒಬ್ಬ ಬಂದು ಕೂಗಿದ. ಹಳ್ಳದ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದಿದ್ದವು. ಗೌಡರ ಅಳಿಯಂದಿರು ಬಿದ್ದಿದ್ದಾರೆ.

ನಾವು ಮುಟ್ಟಿದಾಗ ಅವರನ್ನು ಜೀಪಿಗೆ ಎತ್ತುತ್ತಿದ್ದರು. ಬಲ ಮೊಣಕಾಲು ಗಾಡಿಯ ಕೆಳಗೆ ಸಿಕ್ಕು, ಪಾದ ಹಿಂದೆ ಮುಂದಾಗಿ ತಿರುಗಿತ್ತು. ಮುಖ ಸುಣ್ಣದ ಹಾಗೆ. ನನ್ನನ್ನು ಕಂಡು ತುಟಿ ಅಲ್ಲಾಡಿಸಿದರು.

"ಹಿಡೀಲಿಲ್ಲಲೇ. ಮುಂದಿಂದು ಹಿಡೀಲೇ ಇಲ್ಲ."

ಜೀಪು ಹುಬ್ಬಳ್ಳಿಗೆ ಹೋಯಿತು. ಮೋಟರ್ ಸೈಕಲ್ಲನ್ನು ಟ್ರಾಕ್ಟರಿನ ಟ್ರಾಲಿಗೆ ಹಾಕಿ ವಾಡೆಗೆ ತಂದು, ಸತ್ತ ದನವನ್ನು ಇಳಿಸಿದ ಹಾಗೆ ಅಂಗಳದಲ್ಲಿ ಇಳಿಸಿದರು. ಗೌಡರು ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೊರಟವರು ನನ್ನನ್ನು ನೋಡಿ ನಿಂತರು.

"ಬಾರಲೇ ಡಾಕ್ಟರ. ಏನ್ ಮಾಡಿದಿ ನನ್ನ ಅಳ್ಯಾಗ?"

ನಾನು ಗಾಡಿಯ ಮುಂದೆ ಕೂತೆ. ಹಿಡಿಕೆ ಒತ್ತಿದೆ: ಗಟ್ಟಿ. ಚಾವಿ ತಿರುಗಿಸಿದೆ: ದೀಪ ಹತ್ತಲಿಲ್ಲ. ಆಯಿಲ್ ಒಂದು ಹನಿಯೂ ಹೋಗಿರಲಿಲ್ಲ. ನಾನು ಜೋಡಿಸಿದ ಜಾಗ ಮುಟ್ಟಿದೆ: ಒಣಗಿತ್ತು. ಆಮೇಲೆ ಉಕ್ಕಿನ ತಟ್ಟೆ ಮುಟ್ಟಿದೆ.

ಬೆರಳು ಜಾರಿತು. ಕಪ್ಪಗೆ ಬಂತು. ಮೂಸಿ ನೋಡಬೇಕಾಗಿಯೇ ಇರಲಿಲ್ಲ, ಆದರೂ ಮೂಸಿದೆ. ಹರಳೆಣ್ಣೆ, ಅದಕ್ಕೆ ಸುಟ್ಟ ಹುಲ್ಲಿನ ಬೂದಿ. ಚಕ್ಕಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ. ನಮ್ಮ ಮನೆಯ ಕೌದಿ, ಅಪ್ಪನ ಧೋತರ, ನಾನು ಉಣ್ಣುವ ರೊಟ್ಟಿ ಎಲ್ಲ ಅದೇ ವಾಸನೆ. ಹುಟ್ಟಿದಾಗಿನಿಂದ ನಾನು ಅದನ್ನೇ ಉಸಿರಾಡಿದವನು.

ಆ ವಾಡೆಯಲ್ಲಿ ಒಂದು ಪದ್ಧತಿ ಇದೆ. ಬೀಗರ ಗಾಡಿ ಒಣ ಅಚ್ಚಿನ ಮೇಲೆ ಅಂಗಳ ದಾಟಬಾರದು. ಗಾಲಿ ಕಿರಗುಟ್ಟುತ್ತ ಹೋದರೆ, ಬೀಗರು ಅಳುತ್ತ ಹೋದರು, ಈ ಮನೆಯಲ್ಲಿ ಮರ್ಯಾದೆ ಆಗಲಿಲ್ಲ ಅಂತ ಊರು ಅನ್ನುತ್ತದೆ. ಅದಕ್ಕೆ ಬೀಗರು ಊಟಕ್ಕೆ ಕೂತಾಗ ಮನೆಯ ಆಳು ಅವರ ಗಾಡಿಗೆ ಎಣ್ಣೆ ತೋರಿಸಬೇಕು. ನನ್ನ ಅಪ್ಪ ಜೀವಮಾನವೆಲ್ಲ ಮಾಡಿದ್ದು ಅದನ್ನೇ.

"ಎಣ್ಣಿ ಯಾರು ಹಚ್ಚಿದ್ರು ಇದಕ್ಕ?" ನಾನು ಕೂಗಿದ್ದಕ್ಕೆ ಹಟ್ಟಿಯ ಎತ್ತುಗಳು ಬೆದರಿದವು.

ಅಪ್ಪ ಮುಂದೆ ಬಂದ. ಅವನ ಮುಖದಲ್ಲಿ ಅಂಜಿಕೆಯೇ ಇರಲಿಲ್ಲ.

"ನಾನ ಲೇ. ಯಾಕ? ಕಿರ್ರ್ ಅಂತಿತ್ತು. ಗೌಡ್ರು ಅಂದ್ರು, ಬೀರ್ಯಾ, ಅಳ್ಯಾರ ಗಾಡಿ ಅಳಕೋತ ಹೊಂಟೈತಿ, ಎಣ್ಣಿ ತೋರಸೊ ಅಂತ. ತೋರಿಸಿದೆ. ಎಲ್ಲಿ ಕಿರ್ರ್ ಅಂತಿತ್ತೋ ಅಲ್ಲೇ ಬರೋಬರಿ ಬಿಟ್ಟೆ. ಆ ಮ್ಯಾಲೆ ಸದ್ದ ಇಲ್ಲ."

ಎಲ್ಲರ ಎದುರಿಗೇ ಹಚ್ಚಿದ್ದ. ಅಂಗಳದಲ್ಲಿ ಅಷ್ಟು ಜನ ಇದ್ದರು, ಅಷ್ಟೂ ಜನ ನೋಡಿದ್ದರು. ಅವನು ಎಣ್ಣೆ ಹಚ್ಚುವುದು ಅವರಿಗೆ ಕಾಗೆ ಕೂಗಿದಷ್ಟೇ.

"ಬ್ರೇಕಿಗೆ ಎಣ್ಣಿ ಹಚ್ಚಿದ್ರ ಅದು ಹ್ಯಾಂಗ ಹಿಡೀತೈತ್ರಿ ಗೌಡ್ರ?" ಅಂದೆ. ನನ್ನ ದನಿ ಏರಿತ್ತು. ಇಳಿಸಲು ಆಗಲಿಲ್ಲ, ಇಳಿಸುವ ಮನಸ್ಸೂ ಇರಲಿಲ್ಲ. "ನಾ ಮಾಡಿದ ಕೆಲಸ ಇನ್ನೂ ಹಂಗ ಐತಿ, ಬಂದು ಒತ್ತಿ ನೋಡ್ರಿ! ಅಳ್ಯಾರ ಕಾಲು ಮುರದಾಂವ ನಾ ಅಲ್ಲ. ನಿಮ್ಮ ಮಾತು!"

ಕಂಬದ ಹಿಂದೆ ಅಳುತ್ತ ನಿಂತಿದ್ದ ಗೌರಕ್ಕ ಸೆರಗು ತೆಗೆದು ಗೌಡರನ್ನೇ ನೋಡಿದಳು.

"ಯಪ್ಪಾ, ನೀನ ಹೇಳಿದೆಯೇನು?"

ಗೌಡರ ಬಾಯಿ ಒಮ್ಮೆ ತೆರೆದು ಮುಚ್ಚಿತು. ಆ ಮನುಷ್ಯನಿಗೆ ಮಾತು ಸಿಗದೆ ಹೋದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಅವರು ಮಗಳ ಕಡೆ ನೋಡಲಿಲ್ಲ. ನನ್ನ ಅಪ್ಪನ ಕಡೆ ತಿರುಗಿದರು. ಬೈಯಲಿಲ್ಲ. ಮೆಲ್ಲಗೆ ಕೇಳಿದರು.

"ಬೀರಲಿಂಗಪ್ಪಾ, ನಾ ಏನರ ಹೇಳಿದ್ನೇನು?"

ಅವರು ಅಪ್ಪನನ್ನು ಪೂರ್ತಿ ಹೆಸರಿನಿಂದ ಕರೆದದ್ದೂ ಅವತ್ತೇ ಮೊದಲು.

ಅಪ್ಪ ಗೌಡರನ್ನು ನೋಡಿದ. ಗೌರಕ್ಕನನ್ನು ನೋಡಿದ. ನಾನು ಕೂತಿದ್ದೆ, ಗಾಡಿಯ ಬಾಜು, ಕಪ್ಪು ಬೆರಳು ಎತ್ತಿ ಹಿಡಿದು. ನನ್ನನ್ನು ನೋಡಲಿಲ್ಲ.

"ಇಲ್ಲ ತಂಗಿ," ಅಂದ. "ಗೌಡ್ರು ಏನೂ ಹೇಳಿಲ್ಲ. ನಾ ಸುಮ್ಮನ ಅಂದೆ. ನಾನೂ ಹಚ್ಚಿಲ್ಲ. ಇಂವನ ಹಚ್ಚಿದ. ನಿನ್ನೆ ಸಂಜಿಕ ನನ್ನ ಕಡೆ ಕೀಲೆಣ್ಣಿ ಇಸಗೊಂಡು ಹೋಗಿದ್ದ. ಹುಡುಗನ ಮ್ಯಾಲೆ ಬರತೈತಿ ಅಂತ ನನ್ನ ಮ್ಯಾಲೆ ತಗೊಂಡೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಯಾರದೋ ಮಾತು ಹೇಳುತ್ತಿದ್ದಾನೆ ಅನ್ನಿಸಿತು.

"ಯಪ್ಪಾ. ನನ್ನ ಮಾರಿ ನೋಡಿ ಹೇಳು."

ನೋಡಲಿಲ್ಲ. ನಾನು ಸುತ್ತ ಇದ್ದವರನ್ನು ನೋಡಿದೆ. ಮುಂಜಾನೆ ಅಲ್ಲೇ ಇದ್ದವರು ಅವರು. ಒಬ್ಬ ಹೆಗಲಿನ ಟವೆಲ್ಲು ಸರಿಮಾಡಿಕೊಂಡ. ಒಬ್ಬನಿಗೆ ಕೆಮ್ಮು ಬಂತು.

"ಇಷ್ಟ ಮಂದಿ ನೋಡೀರಿ, ಒಬ್ರಿಗರ ನಾಲಿಗಿ ಇಲ್ಲ?" ಅಂತ ಚೀರಿ, ನೆಲದಲ್ಲಿ ಬಿದ್ದಿದ್ದ ಗಾಡಿಯ ಕನ್ನಡಿಯನ್ನು ಎತ್ತಿ ಗೋಡೆಗೆ ಬೀಸಿದೆ. ಚೂರು ಚೂರಾಯಿತು. ಅದೇ ನನ್ನ ತಪ್ಪು ಅಂದರೆ ತಪ್ಪು. ಸಿಟ್ಟು ಬಂದವನ ಮುಖ ಕಳ್ಳನ ಮುಖದ ಹಾಗೇ ಕಾಣುತ್ತದೆ. ಗೌಡರಿಗೆ ಮಾತು ವಾಪಸು ಬಂತು.

"ನೋಡಿದಿ ಗೌರಾ? ಅಪ್ಪ ಮುಚ್ಚಾಕ ನೋಡಿದ, ಮಗ ವಾಡೇದಾಗ ನಿಂತು ಸಾಮಾನ ಒಡೀತಾನ. ಹೊರಗ ಹಾಕ್ರಿ ಇವನ್ನ!"

ಎಳೆದು ಹೊರಗೆ ಹಾಕಿದವರಲ್ಲಿ ಅಪ್ಪ ಇರಲಿಲ್ಲ, ಅಷ್ಟು ಹೇಳಬೇಕು. ಅವನು ಗಾಜಿನ ಚೂರು ಆರಿಸುತ್ತಿದ್ದ.

ಮನೆಗೆ ಅವನು ಸಂಜೆಗೆ ಬಂದ. ಅವ್ವ ಫಕೀರವ್ವ ಇಬ್ಬರಿಗೂ ರೊಟ್ಟಿ ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಅವಳಿಗೆ ಎಲ್ಲ ತಿಳಿದಿತ್ತು. ಅಪ್ಪ ಮುರಿದ ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿಕೊಂಡು ಬಹಳ ಹೊತ್ತು ಬಾಯಿಗೆ ಇಡಲಿಲ್ಲ.

"ಮಗಳ ಮುಂದ ಆ ಮನಷ್ಯಾ ಸಣ್ಣಾಂವ ಆಗಿದ್ರ, ನಾಳಿಂದ ನನ್ನ ಮಾರಿ ಹ್ಯಾಂಗ ನೋಡತಿದ್ದ?" ಅಂದ. "ನೋಡಿದಾಗೊಮ್ಮೆ ನೆಪ್ಪಾಗತಿತ್ತು. ಬಿಡಿಸಿ ಕಳಸತಿದ್ದ."

"ಅದಕ್ಕ ನನ್ನ ಕೊಟ್ಟಿ."

"ನಿನ್ನ ಕೈಯಾಗ ಪಾನಾ ಐತಿ. ಎಲ್ಲಿ ಹೋದ್ರೂ ಉಣತಿ. ನನ್ನ ಕೈಯಾಗ ಏನೈತಿಲೇ ತಮ್ಮಾ? ಬಾರಕೋಲು. ಎತ್ತೂ ಅವರವು, ಚಕ್ಕಡೀನೂ ಅವರದು."

"ಶೆಡ್ಡು, ಯಪ್ಪಾ."

"ಹೂಂ," ಅಂದ. "ಅದು ಗೊತ್ತಿತ್ತು."

ಗೊತ್ತಿದ್ದೇ ಮಾಡಿದ್ದ. ಗೊತ್ತಿಲ್ಲದೆ ಮಾಡಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲವೇನೋ. ಇನ್ನೂ ಕೆಟ್ಟದ್ದೆಂದರೆ, ಅವನ ಲೆಕ್ಕ ಸರಿಯಾಗಿತ್ತು. ಗೌಡರು ಅವನನ್ನು ಬಿಡಿಸಲಿಲ್ಲ. ಮುಂದಿನ ವಾರ ಅವನ ಹೆಗಲ ಮೇಲೆ ಹೊಸ ಕಂಬಳಿ ಬಂತು. ಅವ್ವ ಅದನ್ನು ಮುಟ್ಟಲಿಲ್ಲ.

ಹುಬ್ಬಳ್ಳಿಯಿಂದ ಯಾವನೋ ಮೆಕ್ಯಾನಿಕ್ಕನನ್ನು ಕರೆಸಿ ಗಾಡಿ ಬಿಚ್ಚಿಸಿದರು. ಅವನು ನೋಡಿ, ಬ್ರೇಕಿನ ಕೆಲಸ ಬರೋಬರಿ ಇದೆ, ಎಣ್ಣೆ ಸುರಿದ ಶಾಣ್ಯಾ ಯಾರು ಅಂದನಂತೆ. ಬೀರ್ಯಾನ ಮಗ ಅಂದರಂತೆ ಎಲ್ಲರೂ ಒಂದೇ ಬಾಯಲ್ಲಿ. ಅಷ್ಟರಲ್ಲಿ ಅವರಿಗೆ ಅದೇ ಖರೆ ಆಗಿಬಿಟ್ಟಿತ್ತು, ಮುಂಜಾನೆ ಕಣ್ಣಾರೆ ಕಂಡವರಿಗೂ. ಶಂಭುಲಿಂಗಪ್ಪ ಕೋಲು ಹಿಡಿದು ಗೋವಾಕ್ಕೆ ಹೋದರು. ಮೊಣಕಾಲು ಇನ್ನು ಮಡಿಚುವುದಿಲ್ಲವಂತೆ. ನನ್ನ ಬಗ್ಗೆ ಅವರು ಏನೂ ಅನ್ನಲಿಲ್ಲವಂತೆ. ಬೈದಿದ್ದರೆ ಆಗುತ್ತಿತ್ತು.

ಶೆಡ್ಡಿನಲ್ಲಿ ಗೌಡರು ಹತ್ತಿಯ ಅಂಡಿಗೆ ಚೀಲಗಳನ್ನು ತುಂಬಿಸಿದರು. ನಿಜಾಮಸಾಬರು ಒಂದು ದಿನ ನನ್ನ ಮುಖ ನೋಡದೆ, "ಗಿರಾಕಿ ಕೇಳತಾರ ಬೇಟಾ. ಅಂವ ನಮ್ಮ ಗಾಡಿ ಮುಟ್ಟೂದಿಲ್ಲಲ್ಲಾ ಅಂತ ಕೇಳತಾರ," ಅಂದರು. ಅವತ್ತಿನಿಂದ ಅಲ್ಲಿಗೂ ಹೋಗುವುದು ಬಿಟ್ಟೆ. ಕುಂದಗೋಳದ ಗ್ಯಾರೇಜುಗಳಿಗೆ ಹೋಗಿ ಕೇಳಿದೆ. ನನಗಿಂತ ಮೊದಲು ಕಥೆ ಬಸ್ ಹತ್ತಿ ಅಲ್ಲಿಗೆ ಹೋಗಿತ್ತು.

ಈಗ ನಾನು ಗೌಡರ ಹಟ್ಟಿಯಲ್ಲಿ ಇದ್ದೇನೆ. ಅಪ್ಪ ಕಾಲು ಹಿಡಿದು ಕೇಳಿಕೊಂಡು ಕೊಡಿಸಿದ ಕೆಲಸ. ಗೌಡರು ಕ್ಷಮಿಸಿದ್ದಾರೆ ಅಂತ ಊರಲ್ಲಿ ಅವರಿಗೆ ಹೆಸರು ಬಂದಿದೆ.

ಹೋದ ಸಂತೆಯ ದಿನ ಅಪ್ಪ, ನಾನು, ಗೌಡರ ಇನ್ನೊಬ್ಬ ಆಳು ಬಸಣ್ಣನ ಹೋಟೆಲ್ಲಿನಲ್ಲಿ ಚಹಾಕ್ಕೆ ಕೂತಿದ್ದೆವು. ಬಾಗಿಲಲ್ಲಿ ಸೈಕಲ್ಲು ಒರಗಿಸಿದ ಒಬ್ಬ ಒಳಗೆ ಬಗ್ಗಿ ನನ್ನನ್ನು ಕಂಡ.

"ಏನ್ರಿ ಎಣ್ಣಿ ಮೇಸ್ತ್ರಿ, ನನ್ನ ಸೈಕಲ್ ಬ್ರೇಕಿಗೂ ಒಂದೀಟು ಹಚ್ಚಿ ಕೊಡ್ರೆಲಾ. ಅತ್ತಿ ಮನಿಗೆ ಹೊಂಟೇನಿ, ಲಗೂ ಮುಟ್ಟತೇನಿ."

ಹೋಟೆಲ್ಲಿಗೆ ಹೋಟೆಲ್ಲೇ ನಕ್ಕಿತು. ಬಸಣ್ಣ ಸೋಸುವ ಅರಿವೆ ಹಿಡಿದುಕೊಂಡೇ ನಕ್ಕ. ಅಪ್ಪ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಊದುತ್ತಿದ್ದ. ತಲೆ ಎತ್ತಿದ. ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡಿದ, ಬಾಜು ಕೂತಿದ್ದ ಗೌಡರ ಆಳನ್ನೂ ನೋಡಿದ.

ಆಮೇಲೆ ಅವನೂ ನಕ್ಕ.